ಯಾರ ಸಹವಾಸ? ಯಾರ ದೋಷ?

1

ಬಾಲಾಪರಾಧದ ಬಗ್ಗೆ ಕನ್ನಡದಲ್ಲಿ ಮಾತು ಶುರುವಾದರೆ ಸಾಕು, ಒಂದು ಪದ ತಾನಾಗಿಯೇ ಬಂದು ಕೂತುಬಿಡುತ್ತದೆ: ಸಹವಾಸ ದೋಷ. ಪೊಲೀಸರು ಅದನ್ನೇ ಹೇಳುತ್ತಾರೆ. ಮೇಷ್ಟ್ರು ಅದನ್ನೇ ಹೇಳುತ್ತಾರೆ. ಠಾಣೆಯ ಮೆಟ್ಟಿಲ ಮೇಲೆ ಕೂತ ತಾಯಿಯೂ ‘ನನ್ ಮಗ ಅಂಥೋನಲ್ಲ ಸಾ, ಸಹವಾಸ ಕೆಟ್ಟದ್ದು’ ಅಂತ ಅದನ್ನೇ ಹೇಳುತ್ತಾಳೆ. ಗದರುವವನೂ ಗದರಿಸಿಕೊಳ್ಳುವವಳೂ ಒಂದೇ ಪದ ಬಳಸುತ್ತಿದ್ದಾರೆ ಎಂದರೆ ಆ ಪದದ ಬಗ್ಗೆ ದಲಿತ ವಿಮರ್ಶೆಗೆ ಅನುಮಾನ ಹುಟ್ಟಬೇಕು. ದಲಿತ ವಿಮರ್ಶೆ ಅಂದರೆ ಕತೆ, ಕವಿತೆ, ಆತ್ಮಕಥನಗಳ ವಿಮರ್ಶೆ ಮಾತ್ರ ಎಂದು ನಾನು ತಿಳಿದಿಲ್ಲ. ಕಾಯ್ದೆಯ ಒಂದು ಕಲಮು, ಸರ್ಕಾರಿ ನಮೂನೆಯ ಒಂದು ಕಾಲಂ, ಊರ ಬಾಯಲ್ಲಿರುವ ಒಂದು ಗಾದೆ, ಇವೂ ನಮ್ಮ ಪಾಲಿಗೆ ಪಠ್ಯಗಳೇ. ನಮ್ಮ ಕೇರಿಯ ಮಕ್ಕಳ ಹಣೆಬರಹ ಬರೆಯುತ್ತಿರುವ ಪಠ್ಯಗಳಂತೂ ಇವೇ.

ಗಾದೆಯಿಂದಲೇ ಶುರುಮಾಡೋಣ. ಹಂದಿ ಜೊತೆ ಸೇರಿದ ಕರು ಹೊಲಸು ತಿಂತು ಅಂತಾರೆ. ಇಲ್ಲಿ ಕರುವಿಗೆ ಒಂದು ಕೊಟ್ಟಿಗೆಯಿದೆ, ಅದು ಕೆಟ್ಟಿತಲ್ಲ ಎಂದು ಮರುಗುವ ಒಡೆಯನಿದ್ದಾನೆ. ಹಂದಿಗೆ ಅಂಥವರು ಯಾರೂ ಇಲ್ಲ. ಹಂದಿ ಯಾರ ಸಹವಾಸದಿಂದ ಕೆಟ್ಟಿತು ಎಂದು ಗಾದೆ ಕೇಳುವುದಿಲ್ಲ. ಅದು ಹುಟ್ಟಿನಿಂದಲೇ ಹೊಲಸು. ಹಂದಿ ಸಾಕುವವರು ಕೊರಮರು, ಅವರು ಊರ ಹೊರಗಿನವರು ಎಂಬ ಸಂಗತಿ ಗಾದೆಯೊಳಗೆ ಹೇಳದೆಯೇ ಹೇಳಿದಂತಿದೆ. ದೋಷ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಅಂಟುತ್ತದೆ, ಮೇಲಿನಿಂದ ಕೆಳಗೆ ಅಂಟುವುದೇ ಇಲ್ಲ. ಇದು ಅಪರಾಧಶಾಸ್ತ್ರವಲ್ಲ, ಮೈಲಿಗೆಯ ಶಾಸ್ತ್ರ.

ನನ್ನ ವಾದ ಇಷ್ಟೆ. ಹುಡುಗರನ್ನು ಕೂಡಿಹಾಕುವ ಮನೆಗಳ ಸಾಮಾಜಿಕ ವಾತಾವರಣ ಅವರ ನಡತೆಯನ್ನು ತಿದ್ದುವುದಕ್ಕಿಂತ ಹೆಚ್ಚಾಗಿ ಕೆಡಿಸುತ್ತದೆ ಎಂಬುದರಲ್ಲಿ ತಕರಾರಿಲ್ಲ. ಆದರೆ ಹೇಗೆ ಕೆಡಿಸುತ್ತದೆ ಎನ್ನುವಲ್ಲಿ ನಾವು ಮೈಲಿಗೆಯ ವ್ಯಾಕರಣವನ್ನೇ ಬಳಸುತ್ತಾ ಬಂದಿದ್ದೇವೆ. ಕಾರಣ ತಪ್ಪಾಗಿ ಓದಿದ್ದರಿಂದ ಮದ್ದೂ ತಪ್ಪಾಗಿದೆ. ಮೈಲಿಗೆಗೆ ನಮ್ಮ ಸಮಾಜ ಕಂಡುಕೊಂಡಿರುವ ಮದ್ದು ಒಂದೇ: ದೂರ ಇಡು.

2

ಈಗ ಕಾಯ್ದೆಗೆ ಬರೋಣ. 2015ರ ಬಾಲನ್ಯಾಯ ಕಾಯ್ದೆ ನೋಡುವುದಕ್ಕೆ ಮಕ್ಕಳ ಪರವಾದದ್ದೇ. ಹದಿನೆಂಟರೊಳಗಿನ ಮಗುವನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಬಾರದು ಅನ್ನುತ್ತದೆ, ಮಗು ನಿರಪರಾಧಿ ಎಂದೇ ಭಾವಿಸಿ ಹೊರಡಬೇಕು ಅನ್ನುತ್ತದೆ. ಅದರ 12ನೇ ಕಲಮಿನ ಪ್ರಕಾರ ಜಾಮೀನು ಕೊಡುವುದೇ ನಿಯಮ, ನಿರಾಕರಿಸುವುದು ಅಪವಾದ. ಆದರೆ ಅಪವಾದ ಯಾವುದು ನೋಡಿ. ಬಿಟ್ಟರೆ ಆ ಹುಡುಗ ಗೊತ್ತಿರುವ ಯಾವನಾದರೂ ಅಪರಾಧಿಯ ಸಹವಾಸಕ್ಕೆ ಬೀಳಬಹುದು, ಅಥವಾ ಅವನ ನೀತಿಗೆ, ಮೈಗೆ, ಮನಸ್ಸಿಗೆ ಅಪಾಯವಾಗಬಹುದು, ಅಥವಾ ನ್ಯಾಯದ ಉದ್ದೇಶಕ್ಕೆ ಭಂಗ ಬರಬಹುದು ಎಂದು ನಂಬಲು ಕಾರಣವಿದ್ದರೆ ಬಿಡುವಂತಿಲ್ಲ. 1986ರ ಕಾಯ್ದೆಯಲ್ಲೂ 2000ದ ಕಾಯ್ದೆಯಲ್ಲೂ ಹೆಚ್ಚುಕಡಿಮೆ ಇದೇ ಮಾತಿತ್ತು.

ಇದನ್ನು ಕೇರಿಯಲ್ಲಿ ನಿಂತು ಓದಿ. ಜಯನಗರದ ಹುಡುಗನೊಬ್ಬ ಬೈಕು ಕದ್ದರೆ ಅವನ ಮನೆಯಲ್ಲಿ ‘ಗೊತ್ತಿರುವ ಅಪರಾಧಿ’ ಸಿಗುವುದಿಲ್ಲ. ಅಲ್ಲಿ ಅಪರಾಧಿಗಳು ಇಲ್ಲ ಎಂದಲ್ಲ, ಇದ್ದರೂ ಪೊಲೀಸರಿಗೆ ‘ಗೊತ್ತಿರುವುದಿಲ್ಲ’ ಅಷ್ಟೆ. ಗಂಟಿಚೋರರ ಹುಡುಗನಿಗೆ ಅಪ್ಪನೇ ಗೊತ್ತಿರುವವನು, ಚಿಕ್ಕಪ್ಪನೇ ಗೊತ್ತಿರುವವನು, ಇಡೀ ಓಣಿಯೇ ಠಾಣೆಯ ಕಡತದಲ್ಲಿರುವಂಥದ್ದು. ಹೀಗಾಗಿ ಅವನು ತನ್ನ ಮನೆಗೆ ಹೋಗುವುದೇ ದುಸ್ಸಂಗವಾಗುತ್ತದೆ.

ಈ ಗೊತ್ತಿರುವಿಕೆಗೆ ಒಂದು ಚರಿತ್ರೆಯಿದೆ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಹುಟ್ಟನ್ನೇ ಅಪರಾಧ ಮಾಡಿದರು. 1911ರ ಹೊತ್ತಿಗೆ ಅದು ಬ್ರಿಟಿಷ್ ಆಳ್ವಿಕೆಯ ಎಲ್ಲ ಕಡೆಗೂ ಬಂತು. ಆರು ವರ್ಷ ದಾಟಿದ, ಹದಿನೆಂಟು ತುಂಬದ ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ಸುಧಾರಣಾ ಶಾಲೆಗಳಲ್ಲಿ ಇಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಆ ಮಕ್ಕಳು ಏನೂ ಮಾಡಿರಬೇಕಾಗಿರಲಿಲ್ಲ. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಹೀಗೆ ಬೇಲಿಯೊಳಗೆ ಕೂಡಿಹಾಕಿದ ವಸತಿಗಳೆದ್ದವು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಇವತ್ತಿಗೂ ಆ ಓಣಿಗಳ ಹೆಸರು ಸೆಟ್ಲಮೆಂಟ್. 1952ರಲ್ಲಿ ಕಾಯ್ದೆ ಹೋಯಿತು. ಬೇಲಿ ಹೋಯಿತು, ಹಾಜರಿ ಹೋಯಿತು, ಹೆಸರು ಉಳಿಯಿತು. 1961ರಲ್ಲಿ ನಮ್ಮ ರಾಜ್ಯಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆ ಎಂಬ ಇನ್ನೊಂದು ಬಂತು. ಹುಟ್ಟಿನ ಬದಲು ರೂಢಿ ಎಂದರು, ಆದರೆ ಪೊಲೀಸಪ್ಪ ಬಾಗಿಲು ಬಡಿದದ್ದು ಅದೇ ಮನೆಗಳದ್ದು.

ಬಾಲನ್ಯಾಯದ 2016ರ ಮಾದರಿ ನಿಯಮಗಳಲ್ಲಿ ಆರನೇ ನಮೂನೆ ಎಂಬುದೊಂದಿದೆ. ಹೆಸರು ಸಾಮಾಜಿಕ ತನಿಖಾ ವರದಿ. ಪರಿವೀಕ್ಷಣಾಧಿಕಾರಿ ಹುಡುಗನ ಮನೆ, ನೆರೆಕೆರೆ ನೋಡಿ ತುಂಬಬೇಕಾದದ್ದು. ಅದರಲ್ಲಿ ಜಾತಿಗೆ ಒಂದು ಕಾಲಂ ಇದೆ. ಗೆಳೆಯರು ಎಂಥವರು, ಓದಿದವರೋ ಓದದವರೋ, ವ್ಯಸನಿಗಳೋ, ಅಪರಾಧದ ಹಿನ್ನೆಲೆಯವರೋ ಎಂದು ಗುರುತು ಹಾಕುವ ಜಾಗವಿದೆ. ಅಪರಾಧಕ್ಕೆ ಕಾರಣ ತಂದೆತಾಯಿಯ ಉಪೇಕ್ಷೆಯೋ, ಅವರ ಕೆಟ್ಟ ಪ್ರಭಾವವೋ, ಗೆಳೆಯರ ಪ್ರಭಾವವೋ ಎಂಬ ಪಟ್ಟಿಯಿದೆ. ಒಳ್ಳೆಯ ಅಧಿಕಾರಿಯ ಕೈಯಲ್ಲಿ ಈ ನಮೂನೆ ಹುಡುಗನನ್ನು ಉಳಿಸಬಲ್ಲದು, ಹಾಗೆ ಉಳಿಸಿದವರೂ ಇದ್ದಾರೆ. ಆದರೆ ಕಾರಣಗಳ ಆ ಪಟ್ಟಿಯಲ್ಲಿ ಜಾತಿಯಿಲ್ಲ. ಹುಡುಗನಿಗೆ ಜಾತಿಯಿದೆ, ಅಪರಾಧಕ್ಕೆ ಮಾತ್ರ ಜಾತಿಯೊಂದಿಗೆ ಸಂಬಂಧವಿಲ್ಲ! ನಮೂನೆಯ ಪ್ರಕಾರ ದೋಷವೆಲ್ಲ ಅಪ್ಪ, ಅವ್ವ, ಗೆಳೆಯರ ಮೂವರಲ್ಲೇ ಹಂಚಿಹೋಗುತ್ತದೆ.

ಹೀಗೆ ದುಸ್ಸಂಗದಿಂದ ಕಾಪಾಡಲೆಂದು ಹುಡುಗನನ್ನು ಎಲ್ಲಿಗೆ ಕಳಿಸುತ್ತಾರೆ? ಅಪರಾಧದ ಆಪಾದನೆ ಹೊತ್ತ ಇನ್ನೂ ಮೂವತ್ತು ನಲವತ್ತು ಹುಡುಗರ ನಡುವೆ! ಜನ ಇದನ್ನು ರಿಮ್ಯಾಂಡ್ ಹೋಮ್ ಅಂತಾರೆ, ಸರ್ಕಾರ ವೀಕ್ಷಣಾಲಯ ಅನ್ನುತ್ತದೆ. ವಿದ್ಯಾಲಯದಲ್ಲಿ ವಿದ್ಯೆ, ಚಿಕಿತ್ಸಾಲಯದಲ್ಲಿ ಚಿಕಿತ್ಸೆ, ವೀಕ್ಷಣಾಲಯದಲ್ಲಿ ಬರೀ ನೋಡುವುದು.

3

ಇಂಥ ಒಂದು ಮನೆಗೆ ಎರಡು ವರ್ಷ ಕಾಲ ವಾರಕ್ಕೊಮ್ಮೆ ಕತೆ ಓದಿ ಹೇಳಲು ನಾನು ಹೋಗುತ್ತಿದ್ದೆ. ಯಾವ ಊರಿನದು ಎನ್ನುವುದು ಇಲ್ಲಿ ಮುಖ್ಯವಲ್ಲ. ಅಲ್ಲಿ ಕಂಡ ಒಂದು ಸಂಗತಿ ಮಾತ್ರ ಹೇಳುತ್ತೇನೆ. ಹೊಸ ಹುಡುಗ ಒಳಗೆ ಬಂದ ಕೂಡಲೇ ಉಳಿದವರು ಕೇಳುತ್ತಿದ್ದ ಮೊದಲ ಪ್ರಶ್ನೆ ‘ಹೆಸರೇನು’ ಎಂದಲ್ಲ, ‘ಯಾವ ಕೇಸು?’ ಎಂದು. ನಮ್ಮ ಹಳ್ಳಿಗಳಲ್ಲಿ ಹೊಸಬ ಬಂದು ಜಗುಲಿಯ ಮೇಲೆ ಕೂರುವ ಮೊದಲು ‘ನಿಮ್ಮದು ಯಾವ ಜನ?’ ಎಂದು ಕೇಳುತ್ತಾರಲ್ಲ, ಅದೇ ದನಿ, ಅದೇ ಉದ್ದೇಶ. ಉತ್ತರ ಸಿಕ್ಕಿದ ಮೇಲೆ ಎಲ್ಲಿ ಕೂರಿಸಬೇಕು ಎಂಬುದು ತೀರ್ಮಾನವಾಗುತ್ತದೆ. ಕೊಲೆ ಕೇಸಿನವನು ಮೇಲೆ. ಅವನ ಹಾಸಿಗೆ ಫ್ಯಾನಿನ ಕೆಳಗೆ. ದರೋಡೆಯವನು ಅವನ ನಂತರ. ಮೊಬೈಲು ಕದ್ದವನು ಕೆಳಗೆ, ಅವನ ಚಾಪೆ ಕಕ್ಕಸಿನ ಬಾಗಿಲ ಬಳಿ, ಕಕ್ಕಸು ತೊಳೆಯುವ ಸರದಿಯೂ ಅವನದೇ. ಎಲ್ಲರಿಗಿಂತ ಕೆಳಗೆ ಹೆಣ್ಣುಮಕ್ಕಳ ಕೇಸಿನವನು. ಅವನ ತಟ್ಟೆ ಬೇರೆ.

ತಟ್ಟೆ ಬೇರೆ ಇಡಬೇಕು ಎಂದು ಆ ಮಕ್ಕಳಿಗೆ ಯಾವ ಪಾತಕಿ ಹೇಳಿಕೊಟ್ಟ? ಅದನ್ನು ಅವರು ಹೊರಗಿನಿಂದ, ಅಂದರೆ ಸಭ್ಯರ ಊರಿನಿಂದಲೇ ಕಲಿತು ಬಂದಿದ್ದರು. ಒಳಗೆ ಕೇಸೇ ಜಾತಿಯಾಗಿತ್ತು. ಏಣಿಯ ಮೆಟ್ಟಿಲುಗಳಿಗೆ ಹೊಸ ಹೆಸರು ಬಂದಿತ್ತು, ಏಣಿ ಹಳೆಯದೇ. ಈ ಏಣಿಯನ್ನು ಕಟ್ಟಿದವರು ಹುಡುಗರು, ಆದರೆ ಬಳಸುತ್ತಿದ್ದವರು ದೊಡ್ಡವರು. ನಲವತ್ತು ಹುಡುಗರಿಗೆ ಇಬ್ಬರು ಕಾವಲುಗಾರರಿದ್ದಾಗ ಮೇಲಿನ ಮೆಟ್ಟಿಲಿನವನ ಕೈಯಲ್ಲಿ ಉಳಿದವರನ್ನು ಬಿಡುವುದು ಸುಲಭ. ಊರಗೌಡ ತಳವಾರನ ಕೈಯಲ್ಲಿ ಕೋಲು ಕೊಡುತ್ತಿದ್ದದ್ದೂ ಹೀಗೇ ತಾನೆ?

ಇನ್ನು ನಡತೆಯ ವಿಚಾರ. ಮೊಬೈಲು ಕದ್ದ ಹುಡುಗ ಮೊದಲ ವಾರ ಅಳುತ್ತಾನೆ. ಎರಡನೇ ವಾರ ಚಾಪೆ ಎಲ್ಲಿದೆ ಎಂದು ನೋಡುತ್ತಾನೆ. ಮೂರನೇ ವಾರ ತಾನು ಒಬ್ಬನಿಗೆ ಚಾಕು ಹಾಕಿದ್ದೇನೆ, ಪೊಲೀಸರಿಗೆ ಗೊತ್ತಿಲ್ಲ ಅಷ್ಟೆ ಎಂದು ಸುಳ್ಳು ಹೇಳುತ್ತಾನೆ. ಚಾಪೆ ಒಂದು ಮೊಳ ಮೇಲಕ್ಕೆ ಹೋಗುತ್ತದೆ. ಹೇಳಿದ ಸುಳ್ಳಿಗೆ ತಕ್ಕಂತೆ ಇನ್ನು ಅವನು ನಡೆದುಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಕಕ್ಕಸಿನ ಬಾಗಿಲಿಗೆ. ಹೊರಗಿನವರು ನೋಡಿ ‘ಒಳಗೆ ಹೋಗಿ ಇನ್ನೂ ಕೆಟ್ಟ, ಸಹವಾಸ ದೋಷ’ ಅಂತಾರೆ. ನಾನು ನೋಡಿದ್ದು ಬೇರೆ. ಅವನಿಗೆ ಏನೂ ಅಂಟಿಕೊಂಡಿರಲಿಲ್ಲ. ಮಲಗಲು ಒಂದು ಜಾಗ, ಬದುಕಲು ಒಂದಿಷ್ಟು ಮರ್ಯಾದೆ, ಇದಕ್ಕೆ ಆ ಮನೆಯಲ್ಲಿ ಇದ್ದ ನಾಣ್ಯ ಅದೊಂದೇ ಆಗಿತ್ತು.

ಇದರ ಜೊತೆಗೆ ಕಾಯುವುದು. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆಯಿದೆ, ಹೆಚ್ಚೆಂದರೆ ಇನ್ನೆರಡು ತಿಂಗಳು. ಸಣ್ಣ ಅಪರಾಧವಾಗಿದ್ದು ಅಷ್ಟರಲ್ಲೂ ಮುಗಿಯದಿದ್ದರೆ ಪ್ರಕರಣವೇ ಬಿದ್ದುಹೋಗಬೇಕು. ಹುಡುಗರಿಗೆ ಈ ನಿಯಮ ಗೊತ್ತಿರುವುದಿಲ್ಲ. ಅವರಿಗೆ ಗೊತ್ತಿರುವುದು ಮುಂದಿನ ‘ಡೇಟು’ ಮಾತ್ರ. ಯಾರ ಅಪ್ಪನ ಹತ್ತಿರ ವಕೀಲನಿದ್ದಾನೋ ಅವನು ಬೇಗ ಹೋಗುತ್ತಾನೆ. ಕೂಲಿ ಬಿಟ್ಟು ಬರಲಾರದ ಅಪ್ಪನ ಮಗ ಉಳಿಯುತ್ತಾನೆ. ತಿಂಗಳುಗಳು ಉರುಳಿದಂತೆ ಕೇರಿಯ ಮಕ್ಕಳೇ ಮನೆಯಲ್ಲಿ ಶೇಷವಾಗುತ್ತಾರೆ. ಆಮೇಲೆ ‘ಇಲ್ಲಿ ಬರೋದೆಲ್ಲ ಇಂಥವೇ’ ಎಂಬ ಮಾತು ಸಿದ್ಧವಾಗಿರುತ್ತದೆ.

4

‘ಇದು ನಿಮ್ಮ ಅನಿಸಿಕೆ, ಆಧಾರ ಏನು?’ ಎಂದು ಕೇಳುವವರಿಗಾಗಿ ಅಮೆರಿಕದ ಎರಡು ಅಧ್ಯಯನಗಳನ್ನು ನೆನೆಯುತ್ತೇನೆ. ಅಲ್ಲಿನ ಕರಿಯ ಹುಡುಗರ ಪಾಡಿಗೂ ನಮ್ಮ ಹುಡುಗರ ಪಾಡಿಗೂ ಹೋಲಿಕೆಯಿರುವುದರಿಂದ ಅವು ನಮಗೆ ದೂರದವಲ್ಲ. ಒಂದು, ಫ್ಲಾರಿಡಾ ರಾಜ್ಯದ 169 ಬಾಲಗೃಹಗಳಲ್ಲಿದ್ದ 8,000ಕ್ಕೂ ಹೆಚ್ಚು ಹುಡುಗ ಹುಡುಗಿಯರ ಬಗ್ಗೆ ಅರ್ಥಶಾಸ್ತ್ರಜ್ಞರು ಮಾಡಿ 2009ರಲ್ಲಿ ಪ್ರಕಟಿಸಿದ್ದು. ಸಹವಾಸ ಪರಿಣಾಮ ಬೀರುತ್ತದೆ ಎಂದು ಅವರು ಕಂಡರು. ಆದರೆ ಯಾರ ಮೇಲೆ? ಒಂದು ಬಗೆಯ ಅಪರಾಧವನ್ನು ಮೊದಲೇ ಮಾಡಿದ್ದವನು ಅದೇ ಬಗೆಯವರ ಜೊತೆಗಿದ್ದರೆ ಮತ್ತೆ ಅದನ್ನೇ ಮಾಡುವ ಸಂಭವ ಹೆಚ್ಚುತ್ತದೆ. ಆ ಅಪರಾಧವನ್ನು ಮಾಡಿಯೇ ಇರದವನಿಗೆ ಅದು ಹೊಸದಾಗಿ ಅಂಟಿದ್ದು ಕಾಣಲಿಲ್ಲ. ಅಂದರೆ ಹಂದಿ ಮುಟ್ಟಿದ್ದಕ್ಕೆ ಕರು ಕೆಡಲಿಲ್ಲ. ಎರಡನೆಯದು ಷಿಕಾಗೋದ್ದು, 2015ರಲ್ಲಿ ಪ್ರಕಟವಾದದ್ದು. ಒಂದೇ ತರಹದ ಪ್ರಕರಣಗಳಲ್ಲಿ ಕಠಿಣ ನ್ಯಾಯಾಧೀಶನ ಪಾಲಿಗೆ ಬಿದ್ದು ಒಳಗೆ ಹೋದವರನ್ನೂ, ಮೃದು ನ್ಯಾಯಾಧೀಶನ ಪಾಲಿಗೆ ಬಿದ್ದು ಮನೆಗೆ ಹೋದವರನ್ನೂ ಅದು ಹೋಲಿಸಿತು. ಒಳಗೆ ಹೋದವರಲ್ಲಿ ಶಾಲೆ ಮುಗಿಸಿದವರು ಕಡಿಮೆ, ದೊಡ್ಡವರಾದ ಮೇಲೆ ಜೈಲು ಸೇರಿದವರು ಹೆಚ್ಚು. ಹುಡುಗರ ಗುಣದಲ್ಲಿ ವ್ಯತ್ಯಾಸವಿರಲಿಲ್ಲ, ವ್ಯತ್ಯಾಸವಿದ್ದದ್ದು ಅವರನ್ನು ಎಲ್ಲಿಗೆ ಕಳಿಸಿದರು ಎಂಬುದರಲ್ಲಿ.

ನಮ್ಮ ವಿಮರ್ಶಕ ಮಿತ್ರರು ಇಲ್ಲಿ ಫುಕೋನನ್ನು ಕರೆತರುತ್ತಾರೆ. ತರಲಿ. ಫ್ರಾನ್ಸಿನ ಮೆತ್ರೆ ಎಂಬಲ್ಲಿ 1840ರಲ್ಲಿ ತೆರೆದ ಹುಡುಗರ ವಸಾಹತನ್ನು ಅವನು 1975ರ ತನ್ನ ಪುಸ್ತಕದಲ್ಲಿ ಶಿಸ್ತಿನ ಅಧಿಕಾರದ ಪರಿಪೂರ್ಣ ಮಾದರಿ ಎಂದು ಬಿಡಿಸಿ ತೋರಿಸಿದ್ದಾನೆ. ಆದರೆ ಅವನ ಮನೆಯಲ್ಲಿ ಅಧಿಕಾರ ಗಂಟೆಗಂಟೆಗೂ ಹುಡುಗನ ಮೈಮನಸ್ಸನ್ನು ತಿದ್ದುತ್ತಿರುತ್ತದೆ. ನಾನು ಕಂಡ ಮನೆಯಲ್ಲಿ ಯಾರೂ ಯಾರನ್ನೂ ತಿದ್ದುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಟೀವಿ, ಬೀಗ, ಮತ್ತೆ ಟೀವಿ. ನಮ್ಮಲ್ಲಿ ವ್ಯವಸ್ಥೆ ಹುಡುಗನನ್ನು ಹೊಸದಾಗಿ ರೂಪಿಸುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಅವನು ಹುಟ್ಟಿದಾಗಲೇ ರೂಪಿತನಾಗಿದ್ದಾನೆ ಎಂದು ಅದು ನಂಬಿದೆ. ಅಲ್ಲಿ ಶಿಸ್ತು, ಇಲ್ಲಿ ಜಾತಿ. ದೊಡ್ಡವರ ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳು ಕೈಪಿಡಿಗಳಲ್ಲೇ ಅಚ್ಚಾಗಿದ್ದವು, ಸುಪ್ರೀಂ ಕೋರ್ಟು ಅವನ್ನು ಹೊಡೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ. ಸಂವಿಧಾನ ಬಂದು ಎಪ್ಪತ್ತನಾಲ್ಕು ವರ್ಷವಾದ ಮೇಲೆ!

5

ಈಗ ನನ್ನ ಮುಖ್ಯ ಮಾತು. ಬಡ ಕೇರಿಗಳ, ಒಂದೇ ವಯಸ್ಸಿನ, ಹಸಿದ, ಸಿಟ್ಟಿನ ಹುಡುಗರನ್ನು ಒಂದು ಸೂರಿನಡಿ ಕೂಡಿಹಾಕಿದರೆ ಅವರು ಕೆಟ್ಟೇ ಕೆಡುತ್ತಾರೆ ಎನ್ನುವುದು ನಿಜವಾಗಿದ್ದರೆ ನಮ್ಮ ಹಾಸ್ಟೆಲುಗಳನ್ನು ಏನೆಂದು ವಿವರಿಸುತ್ತೀರಿ?

ನಾನೂ ಹಾಸ್ಟೆಲಿನ ಅನ್ನ ತಿಂದವನು. ಸಾರು ನೀರು, ಚಪಾತಿ ಚರ್ಮ, ಒಂದು ಕೋಣೆಗೆ ಹದಿನಾಲ್ಕು ಜನ. ಅಲ್ಲೂ ಹೊಡೆದಾಟವಿತ್ತು, ಕಳವಿತ್ತು, ಎಡಗೈ ಬಲಗೈ ಅಂತ ಗುಂಪಿತ್ತು. ಅದು ಸ್ವರ್ಗವಾಗಿತ್ತು ಎಂದು ಹೇಳುವ ಭಾವುಕತೆ ನನಗಿಲ್ಲ. ಆದರೆ 1970ರ ದಶಕದ ದಲಿತ ಚಳವಳಿಯ ಬೇರು ಎಲ್ಲಿತ್ತು? 1973ರ ಬೂಸಾ ಪ್ರಕರಣದಲ್ಲಿ ಏಟು ತಿಂದದ್ದು ದಲಿತ ವಿದ್ಯಾರ್ಥಿಗಳು. ಆಮೇಲೆ ದಲಿತ ಸಂಘರ್ಷ ಸಮಿತಿಯ ಕರಪತ್ರ ಓದಿದ್ದು, ಹಾಡು ಕಲಿತದ್ದು, ರಾತ್ರಿಯೆಲ್ಲ ವಾದ ಮಾಡಿದ್ದು ಅದೇ ಹಾಸ್ಟೆಲಿನ ಕೋಣೆಗಳಲ್ಲಿ. ಸಿದ್ಧಲಿಂಗಯ್ಯನವರ ‘ಊರು ಕೇರಿ’ ಓದಿದವರಿಗೆ ಹಾಸ್ಟೆಲಿನ ಸಹವಾಸ ಒಬ್ಬ ಹುಡುಗನಿಗೆ ಏನು ಮಾಡಬಲ್ಲದು ಎಂದು ಬೇರೆ ಹೇಳಬೇಕಾಗಿಲ್ಲ. ಅದೇ ಕೇರಿ, ಅದೇ ಹಸಿವು, ಅದೇ ಸಿಟ್ಟು. ಒಂದು ಕಡೆ ಕವಿ, ಕಾರ್ಯಕರ್ತ. ಇನ್ನೊಂದು ಕಡೆ ‘ಹಳೇ ಕೇಸು’.

ವ್ಯತ್ಯಾಸ ಸಹವಾಸದಲ್ಲಿ ಇರಲಿಲ್ಲ. ಸಹವಾಸದ ಕೇಂದ್ರದಲ್ಲಿ ಏನನ್ನು ಇಟ್ಟಿದ್ದರು ಎಂಬುದರಲ್ಲಿತ್ತು. ಹಾಸ್ಟೆಲಿನಲ್ಲಿ ಹೊಸಬನಿಗೆ ಕೇಳುತ್ತಿದ್ದ ಪ್ರಶ್ನೆ ‘ಯಾವೂರು? ಏನ್ ಓದ್ತಿ?’ ಎಂದು. ಅದು ನಾಳೆಯ ಬಗೆಗಿನ ಪ್ರಶ್ನೆ. ‘ಯಾವ ಕೇಸು’ ಎನ್ನುವುದು ನಿನ್ನೆಯ ಬಗೆಗಿನದು. ಹಾಸ್ಟೆಲಿನಲ್ಲಿ ಮೇಲಿನ ಮೆಟ್ಟಿಲಿನವನು ಬಿಎ ಓದುವ ಅಣ್ಣ, ಅಂಬೇಡ್ಕರ್ ಪುಸ್ತಕ ಕೈಗಿಟ್ಟವನು. ಅವನಂತಾಗಲು ಹುಡುಗ ಸುಳ್ಳು ಹೇಳಬೇಕಾಗಿರಲಿಲ್ಲ, ಓದಬೇಕಾಗಿತ್ತು. ಮತ್ತೆ, ಹಾಸ್ಟೆಲಿನ ಬಾಗಿಲು ಹೊರಗೆ ತೆರೆಯುತ್ತಿತ್ತು.

ಇದು ಬಾಬಾಸಾಹೇಬರಿಗೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು ಅನಿಸುತ್ತದೆ. 1924ರಲ್ಲಿ ಅವರು ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಅದು 1925ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಹಾಸ್ಟೆಲು ತೆರೆಯಿತು. ಅದೇ ಸೊಲ್ಲಾಪುರದಲ್ಲಿ ಕ್ರಿಮಿನಲ್ ಟ್ರೈಬ್ಸ್ ಸೆಟ್ಲಮೆಂಟೂ ಇತ್ತು. ಒಂದೇ ಊರು. ಬಹಿಷ್ಕೃತರ ಮಕ್ಕಳನ್ನು ಒಟ್ಟಿಗೆ ಇಡುವ ಎರಡು ಮನೆ. 1928ರಲ್ಲಿ ಮುಂಬಯಿ ಸರ್ಕಾರ ಶೋಷಿತರ ಸ್ಥಿತಿ ತಿಳಿಯಲು ಸಮಿತಿ ನೇಮಿಸಿದಾಗ ಅಂಬೇಡ್ಕರ್ ಅದರ ಸದಸ್ಯರಾಗಿದ್ದರು. ಅಧ್ಯಕ್ಷನಾಗಿದ್ದವನು ಆ ಸೆಟ್ಲಮೆಂಟುಗಳ ಆಡಳಿತ ನಡೆಸಿದ್ದ ಸ್ಟಾರ್ಟೆ ಎಂಬ ಅಧಿಕಾರಿ. ಬೇಲಿ ಮತ್ತು ಹಾಸ್ಟೆಲು ಒಂದೇ ಮೇಜಿನ ಸುತ್ತ ಕೂತಿದ್ದವು ಎನ್ನಬಹುದು. ಸ್ವಾತಂತ್ರ್ಯದ ನಂತರ ನಮ್ಮ ಸರ್ಕಾರ ಎರಡನ್ನೂ ಉಳಿಸಿಕೊಂಡಿತು. ಎಷ್ಟು ಮಕ್ಕಳು ಇದಕ್ಕೆ, ಎಷ್ಟು ಮಕ್ಕಳು ಅದಕ್ಕೆ ಎನ್ನುವುದೇ ಅಂದಿನಿಂದ ನಡೆದಿರುವ ಜಗಳ.

6

ಒಂದು ಆಕ್ಷೇಪಕ್ಕೆ ಉತ್ತರಿಸದೆ ಮುಂದೆ ಹೋಗುವುದು ಅಪ್ರಾಮಾಣಿಕತೆಯಾಗುತ್ತದೆ. ಈ ಮನೆಗಳಲ್ಲಿರುವ ಕೆಲವರು ನಿಜಕ್ಕೂ ಘೋರವಾದದ್ದನ್ನು ಮಾಡಿದವರು. ಅವರ ಕೈಗೆ ಸಿಕ್ಕಿ ನರಳಿದವರಲ್ಲಿ ನಮ್ಮ ಹೆಣ್ಣುಮಕ್ಕಳೂ ಇದ್ದಾರೆ. ಅವರ ನೋವಿನೆದುರು ‘ವಾತಾವರಣ’ ಎಂಬ ಪದ ನೆಪದಂತೆ ಕೇಳಿಸುತ್ತದೆ. ನಾನು ಯಾರಿಗೂ ಮಾಫಿ ಕೇಳುತ್ತಿಲ್ಲ. ಆದರೆ 2012ರ ದೆಹಲಿ ಪ್ರಕರಣದ ನಂತರ ಬಂದ ಬದಲಾವಣೆ ನೋಡಿ. ಹದಿನಾರು ತುಂಬಿದವನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಅವನ ಮನಸ್ಸನ್ನು ಅಳೆದು ದೊಡ್ಡವರಂತೆ ವಿಚಾರಣೆ ಮಾಡಬಹುದು. ಇಪ್ಪತ್ತೊಂದು ತುಂಬಿದಾಗ ಅವನು ಸುಧಾರಿಸಿದ್ದಾನೋ ಇಲ್ಲವೋ ಎಂದು ನೋಡಿ, ಇಲ್ಲವಾದರೆ ಜೈಲಿಗೆ ಕಳಿಸಬಹುದು. ಪರೀಕ್ಷೆ ಹುಡುಗನಿಗೆ ಮಾತ್ರ. ಅಷ್ಟು ವರ್ಷ ಅವನನ್ನು ಇಟ್ಟುಕೊಂಡ ಮನೆ ಪಾಸಾಯಿತೋ ಫೇಲಾಯಿತೋ ಎಂದು ಯಾರೂ ಕೇಳುವುದಿಲ್ಲ. ಇನ್ನೊಂದು ಮಾತು: ಮೇಲ್ಜಾತಿಯ ಹುಡುಗಿಯೊಡನೆ ಓಡಿಹೋದ ಹದಿನೇಳರ ದಲಿತ ಹುಡುಗನೂ ಅದೇ ಘೋರ ಅಪರಾಧದ ಪಟ್ಟಿಗೆ ಬಿದ್ದಿರುತ್ತಾನೆ. ಇಬ್ಬರನ್ನೂ ಒಂದೇ ತಟ್ಟೆಯಲ್ಲಿ ಕೂರಿಸುವುದು ನೊಂದ ಹೆಣ್ಣಿಗೆ ಮಾಡುವ ನ್ಯಾಯವೂ ಅಲ್ಲ.

ಅಂಬೇಡ್ಕರ್ ತಮ್ಮ ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ ಪತಿತರು ಮತ್ತು ಅಪರಾಧಿಗಳ ಧಮ್ಮಸ್ವೀಕಾರಕ್ಕೆ ಒಂದು ಭಾಗವನ್ನೇ ಮೀಸಲಿಟ್ಟಿದ್ದಾರೆ. ಅಂಗುಲಿಮಾಲ ಅಲ್ಲಿದ್ದಾನೆ. ಬುದ್ಧ ಅವನನ್ನು ಕಾಡಿನಲ್ಲಿ ಒಂಟಿಯಾಗಿ ಬಿಡಲಿಲ್ಲ, ಸಂಘಕ್ಕೆ ಕರೆದುಕೊಂಡ. ಸಂಘ ಎಂದರೂ ಸಹವಾಸವೇ. ದೋಷಕ್ಕೆ ಮದ್ದು ದೂರ ಇಡುವುದಲ್ಲ, ಇನ್ನೊಂದು ಬಗೆಯ ಹತ್ತಿರ ಎನ್ನುವ ಈ ತಿಳಿವಳಿಕೆ ಮಡಿಯ ಪರಂಪರೆಗೆ ಒಗ್ಗುವಂಥದ್ದಲ್ಲ. ನಮ್ಮ ಪರಂಪರೆಗೆ ಒಗ್ಗುತ್ತದೆ.

ಹಾಗಾದರೆ ಏನು ಮಾಡಬೇಕು? ವಿಮರ್ಶೆ ಬರೆಯುವವರು ಆರನೇ ನಮೂನೆಯನ್ನೂ ಜಾಮೀನು ತಿರಸ್ಕರಿಸಿದ ಆದೇಶಗಳನ್ನೂ ಕಾದಂಬರಿ ಓದುವಷ್ಟೇ ಎಚ್ಚರದಿಂದ ಓದಬೇಕು, ‘ಸಹವಾಸ’ ಎಂಬ ಪದ ಯಾರ ಮಕ್ಕಳ ಹೆಸರಿನ ಮುಂದೆ ಬರುತ್ತದೆ ಎಂದು ಎಣಿಸಬೇಕು. ಸಂಘಟನೆಯ ಗೆಳೆಯರು ತಮ್ಮ ಜಿಲ್ಲೆಯ ವೀಕ್ಷಣಾಲಯದಲ್ಲಿ ಆರು ತಿಂಗಳು ಮೀರಿದ ಸಣ್ಣ ಪ್ರಕರಣಗಳೆಷ್ಟು ಎಂದು ಬಾಲನ್ಯಾಯ ಮಂಡಳಿಯಲ್ಲಿ ಕೇಳಬೇಕು. ಕೂಲಿ ಬಿಟ್ಟು ಬರಲಾರದ ಅಪ್ಪನ ಜೊತೆಗೆ ಡೇಟಿನ ದಿನ ಒಬ್ಬರು ನಿಲ್ಲಬೇಕು. ಹಾಸ್ಟೆಲಿನಲ್ಲಿ ಓದಿ ಕೆಲಸ ಹಿಡಿದಿರುವ ನಾವು, ಒಂದು ಕಾಲಕ್ಕೆ ನಮಗೆ ಪುಸ್ತಕ ಕೊಟ್ಟ ಆ ಬಿಎ ಓದುವ ಅಣ್ಣನ ಜಾಗದಲ್ಲಿ, ವಾರಕ್ಕೊಮ್ಮೆಯಾದರೂ ಆ ಮನೆಗಳಲ್ಲಿ ಹೋಗಿ ಕೂರಬೇಕು. ‘ಏನ್ ಓದ್ತಿ?’ ಎಂದು ಕೇಳಲು ಸರ್ಕಾರದ ಆದೇಶ ಬೇಕಾಗಿಲ್ಲ.